ವಾಲಿಬಾಲ್‌ನಲ್ಲಿ ಗಟ್ಟಿ, ಸಿಂಗಲ್ಸ್‌ನಲ್ಲಿ ಯಾಕೆ ಕುಸಿಯುತ್ತಾಳೆ?

ಪ್ರಶ್ನೆ
ಮಗಳು ಮೊದಲು ವಾಲಿಬಾಲ್ ಆಡುತ್ತಿದ್ದಳು. ಎಂಥ ಬಿಗಿ ಮ್ಯಾಚ್ ಇದ್ದರೂ ಅಂಜುತ್ತಿರಲಿಲ್ಲ. ಈಗ ಬ್ಯಾಡ್ಮಿಂಟನ್ ಸಿಂಗಲ್ಸ್. ಪ್ರಾಕ್ಟೀಸ್‌ನಲ್ಲಿ ಚೆನ್ನಾಗೇ ಆಡುತ್ತಾಳೆ, ಆದರೆ ಮ್ಯಾಚಿನಲ್ಲಿ 21 ಪಾಯಿಂಟ್‌ನ ಗೇಮ್ 18-18 ಆಯಿತು ಅಂದರೆ ಸರ್ವ್ ನೆಟ್‌ಗೆ ಹೋಗುತ್ತದೆ, ಆಮೇಲೆ ಸಾಲಾಗಿ ಪಾಯಿಂಟ್ ಬಿಡುತ್ತಾಳೆ. ಮನಸ್ಸು ಗಟ್ಟಿ ಇಲ್ಲ ಅಂತಾರೆ ಕೋಚ್. ಮೊದಲಿದ್ದ ಧೈರ್ಯ ಎಲ್ಲಿ ಹೋಯಿತು?

ಉತ್ತರ 1
ಎಲ್ಲೂ ಹೋಗಿಲ್ಲ ಸರ್. ವಾಲಿಬಾಲ್‌ನಲ್ಲಿ ಸರ್ವ್ ತಪ್ಪಿದರೆ ಪಕ್ಕದವರು ಬಂದು ಕೈ ತಟ್ಟುತ್ತಾರೆ, ಮುಂದಿನ ಬಾಲ್ ಇನ್ಯಾರೋ ಎತ್ತುತ್ತಾರೆ, ಅಷ್ಟರಲ್ಲಿ ಉಸಿರು ಹಿಡಿತಕ್ಕೆ ಬಂದಿರುತ್ತದೆ. ಸಿಂಗಲ್ಸ್‌ನಲ್ಲಿ ಆ ಸಮಾಧಾನವನ್ನೂ ಅವಳೇ ಮಾಡಿಕೊಳ್ಳಬೇಕು. ಕೋಚ್ ಹತ್ತಿರ ಬಂದು ಮಾತಾಡುವುದು 11 ಪಾಯಿಂಟ್ ಆದಾಗ 60 ಸೆಕೆಂಡು, ಗೇಮ್‌ಗಳ ನಡುವೆ 2 ನಿಮಿಷ. 18ರ ಹೊತ್ತಿಗೆ ಒಬ್ಬಳೇ, ಅಲ್ವಾ? ಅದನ್ನು ನಿಭಾಯಿಸುವುದು ಕಲಿಸದೆ ಮನಸ್ಸು ಗಟ್ಟಿ ಇಲ್ಲ ಅನ್ನುವುದು ಅನ್ಯಾಯ.

ಉತ್ತರ 2
ಹಾಗಂತ ಟೀಮ್ ಆಟ ಸುಲಭ ಅಂದುಕೊಳ್ಳಬೇಡಿ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡಿ. ಪೆನಾಲ್ಟಿಯಲ್ಲಿ ಇಟಲಿಯ ಬರೇಸಿ, ಮಸಾರೋ ಇಬ್ಬರೂ ಮೊದಲೇ ತಪ್ಪಿದ್ದರು, ಆದರೂ ಜನಕ್ಕೆ ನೆನಪಿರುವುದು ಕೊನೆಗೆ ಬಾರ್ ಮೇಲಿಂದ ಹೊಡೆದ ಬಾಜ್ಜೋ ಒಬ್ಬರೇ. ಒಂಟಿ ಆಟದಲ್ಲಿ ಸೋತರೆ ಸೋಲು ನಿಮ್ಮದು. ಟೀಮ್‌ನಲ್ಲಿ ನಿಮ್ಮ ಒಂದು ತಪ್ಪಿಗೆ ಎಲ್ಲರೂ ಸೋಲುತ್ತಾರೆ, ಅವರ ಮುಖ ನೋಡಿಕೊಂಡೇ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು. ಭಾರ ಬೇರೆ ಬೇರೆ, ಕಡಿಮೆ ಜಾಸ್ತಿ ಅಂತ ಹೇಳೋಕಾಗಲ್ಲ.

ಉತ್ತರ 3
ಒಪ್ಪಿದೆ. ಆದರೆ ಈ ಹುಡುಗಿಗೆ ಈಗ ಬೇಕಿರುವುದು ಹೋದ ಪಾಯಿಂಟನ್ನು ಅಲ್ಲೇ ಬಿಡುವ ಅಭ್ಯಾಸ. ಟೆನಿಸ್ ಆಟಗಾರ ರೋಜರ್ ಫೆಡರರ್ 2024ರಲ್ಲಿ ಒಂದು ಭಾಷಣದಲ್ಲಿ ಹೇಳಿದ್ದರು: 1,526 ಸಿಂಗಲ್ಸ್ ಮ್ಯಾಚ್‌ಗಳಲ್ಲಿ ಸುಮಾರು 80% ಗೆದ್ದಿದ್ದರೂ ಪಾಯಿಂಟ್‌ಗಳಲ್ಲಿ ಗೆದ್ದದ್ದು 54% ಮಾತ್ರ. ಅಂದರೆ ಅಷ್ಟು ದೊಡ್ಡ ಆಟಗಾರನೂ ಹೆಚ್ಚುಕಡಿಮೆ ಅರ್ಧದಷ್ಟು ಪಾಯಿಂಟ್ ಕಳೆದುಕೊಂಡೇ ಗೆದ್ದದ್ದು. ಇದನ್ನು ಮಗಳಿಗೆ ಹೇಳಿ.

ಪ್ರಾಕ್ಟೀಸ್ ಗೇಮ್‌ಗಳನ್ನು ಸೊನ್ನೆಯಿಂದ ಬೇಡ, 18-18ರಿಂದಲೇ ಶುರು ಮಾಡಿಸಿ. ಪಾಯಿಂಟ್ ಹೋದ ತಕ್ಷಣ ನೆಟ್‌ಗೆ ಬೆನ್ನು ಹಾಕಲಿ, ರ‍್ಯಾಕೆಟ್ ದಾರ ಸರಿಮಾಡುತ್ತಾ ಒಮ್ಮೆ ಉದ್ದಕ್ಕೆ ಉಸಿರು ಬಿಡಲಿ, ಮುಂದಿನ ಸರ್ವ್ ಇಲ್ಲವೇ ರಿಟರ್ನ್ ಎಲ್ಲಿಗೆ ಅಂತ ಮಾತ್ರ ಯೋಚಿಸಲಿ. ಪ್ರತಿ ಪಾಯಿಂಟ್‌ಗೂ ಹೀಗೇ, ಗೆದ್ದಾಗಲೂ. ಸೋತಾಗ ಮಾತ್ರ ಮಾಡಿದರೆ ಎದುರಾಳಿಗೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ ಕೇಳಿದವರು
ಸರ್ವ್ ಎಲ್ಲಿಗೆ ಅಂತ ಅವಳು ಯೋಚಿಸುವುದೇ ಇಲ್ಲ, ಸುಮ್ನೆ ಹೊಡೆದುಬಿಡುತ್ತಾಳೆ. ಕೋಚ್ ಜೊತೆ ಇವತ್ತೇ ಮಾತಾಡುತ್ತೇನೆ.