ಸಹಾಯ ಬೇಕು: ರುಬಿಸ್ಕೋ ವೇಗ ಕೆಲವೇ ನಿಮಿಷದಲ್ಲಿ ಕುಸಿಯುತ್ತಿದೆ

ಬೆಂಗಳೂರಿನ ಸಸ್ಯ ಜೀವರಸಾಯನದವರೇ, ಪಾಲಕ್ ರುಬಿಸ್ಕೋವನ್ನು (ಎಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವ) ಪಿಎಚ್ 8.0, 20 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 10 ಮಿಲಿಮೋಲಾರ್ ಬೈಕಾರ್ಬೊನೇಟ್‌ನಲ್ಲಿ 10 ನಿಮಿಷ ಇಟ್ಟು, ಆರ್‌ಯುಬಿಪಿ (ಅದು ಇಂಗಾಲ ಕೂಡಿಸುವ ಸಕ್ಕರೆ ಫಾಸ್ಫೇಟ್) ಹಾಕಿ, 340 ನ್ಯಾನೋಮೀಟರಿನಲ್ಲಿ ಎನ್‌ಎಡಿಎಚ್ (ಕ್ರಿಯೆ ನಡೆದಂತೆ ಖರ್ಚಾಗುವ ಸಹಕಿಣ್ವ) ಇಳಿಕೆ ನೋಡುತ್ತಿದ್ದೇವೆ. ಶುರುವಿನ ವೇಗ ಚೆನ್ನಾಗಿದೆ, ಆಮೇಲೆ ಬೀಳುತ್ತದೆ.

201ನೇ ಲೈಸಿನ್‌ಗೆ ಇಂಗಾಲದ ಡೈಆಕ್ಸೈಡ್ ಕೂಡಿ, ಅದನ್ನು ಮೆಗ್ನೀಸಿಯಂ ಹಿಡಿದ ಮೇಲಷ್ಟೇ ಈ ಕಿಣ್ವ ದುಡಿಯುವುದು. ಅದು ಆಗಿರದಿದ್ದರೆ ಆರಂಭವೇ ಮಂದವಾಗಿರುತ್ತಿತ್ತು. ರುಬಿಸ್ಕೋ ಉತ್ಪನ್ನವನ್ನು ಈ ಇಳಿಕೆಯಾಗಿ ತೋರಿಸುವ ಜೋಡಿ ಕಿಣ್ವಗಳನ್ನು ದುಪ್ಪಟ್ಟು ಮಾಡಿದರೂ ಫಲಿತಾಂಶ ಅದೇ.

ನನ್ನ ಅನುಮಾನವೆಲ್ಲ ಆರ್‌ಯುಬಿಪಿ ಮೇಲೆ. ಅದು ಕೆಟ್ಟರೆ ಕ್ಸೈಲುಲೋಸ್ ಬಿಸ್‌ಫಾಸ್ಫೇಟ್‌ನಂಥವು ಹುಟ್ಟಿ ಸಕ್ರಿಯ ತಾಣದಲ್ಲಿ ಬಿಗಿಯಾಗಿ ಕೂರುತ್ತವೆ. ಮೇಲೆ ಕಿಣ್ವದ ಆರನೇ ಲೂಪ್ (ತಾಣಕ್ಕೆ ಮುಚ್ಚಳವಾಗುವ ಭಾಗ) ಮುಚ್ಚಿಕೊಂಡರೆ ಬೇಗ ಬಿಡುವುದಿಲ್ಲ. ಕಿಣ್ವ ತಾನೇ ಕೆಲಸದ ನಡುವೆ ಇಂಥದ್ದನ್ನು ಮಾಡಿಕೊಳ್ಳುವುದೂ ಉಂಟು, ಹಾಗಾಗಿ ಈ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡಲೇಬೇಕು.

ಮೈನಸ್ 80 ಡಿಗ್ರಿಯಲ್ಲಿಟ್ಟ ಹೊಸ ಆರ್‌ಯುಬಿಪಿ ಯಾರ ಹತ್ತಿರವಾದರೂ ಇದೆಯೇ? ಒಂದು ಹೋಲಿಕೆಗೆ ಸಾಕಾಗುವಷ್ಟು ಕೊಟ್ಟರೆ ಡ್ರೈ ಐಸ್ ತಂದು ಒಯ್ಯುತ್ತೇನೆ. ಆಕ್ಟಿವೇಸ್ (ತಾಣದಲ್ಲಿ ಸಿಕ್ಕಿಕೊಂಡದ್ದನ್ನು ಬಿಡಿಸುವ ಪ್ರೋಟೀನ್) ಮತ್ತು ಅದಕ್ಕೆ ಶಕ್ತಿ ಕೊಡುವ ಎಟಿಪಿ ಸೇರಿಸಿ ವೇಗ ಮರಳಿದ್ದನ್ನು ಕಂಡವರಿದ್ದರೆ, ಬಳಸಿದ ಪ್ರಮಾಣವನ್ನೂ ದಯವಿಟ್ಟು ತಿಳಿಸಿ.