ಗೋದಾಮಿನ ಬಾಗಿಲಿಗೆ ‘ಹಕ್ಕಿಬಲೆ’ ಅನ್ನಬಹುದೇ? (ನಾಳೆಯೊಳಗೆ ಬೇಕು)

ಗೆಳೆಯರೆ,

ನೆಲಮಂಗಲದ ಕಡೆಯ ದೊಡ್ಡ ಗೋದಾಮೊಂದರ ಬೋರ್ಡುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಲಾರಿ ನಿಲ್ಲುವ ಬಾಗಿಲುಗಳಿಂದ ಪಾರಿವಾಳ, ಗುಬ್ಬಚ್ಚಿ ನುಗ್ಗಿ ತೊಲೆ ಮೇಲೆ ಗೂಡು ಕಟ್ಟುತ್ತವೆ. ಕೆಳಗಿನ ಅಕ್ಕಿ ಮೂಟೆಗಳ ತುಂಬ ಹಿಕ್ಕೆ. ಅದಕ್ಕೆ ಬಾಗಿಲಿಗೆ ನೈಲಾನ್ ನೆಟ್ ಇಳಿಬಿಟ್ಟು, ತೊಲೆಯ ಅಂಚಿಗೆ ಹಕ್ಕಿ ಕೂರದಂತೆ ಚೂಪು ಕಡ್ಡಿಗಳ ಸ್ಪೈಕ್ ಹೊಡೆದಿದ್ದಾರೆ. ಹಮಾಲಿಗಳು ನೆಟ್ ಎತ್ತಿ ಕಟ್ಟಿ ಹಾಗೇ ಬಿಡುತ್ತಾರಂತೆ. ಎರಡಕ್ಕೂ ಪದ ಬೇಕು. ‘ಹಕ್ಕಿಬಲೆ’ ನಡೆಯುತ್ತದೆಯೇ? ಅವರ ಕರಡಿನಲ್ಲಿ ‘ಪಕ್ಷಿ ನಿರೋಧಕ ಜಾಲ’ ಅಂತಿದೆ.

ಮರು:
ನಿರೋಧಕ ಬೇಡವೇ ಬೇಡ. ಹಳಬರಿಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೆನಪಾಗುತ್ತದೆ.
ಹಕ್ಕಿಬಲೆಯೂ ತಪ್ಪು. ಬಲೆ ಇರುವುದು ಹಿಡಿಯುವುದಕ್ಕೆ. ಬೇಡನದು, ಬೆಸ್ತನದು, ಜೇಡನದು ಎಲ್ಲಾ ಅದೇ. ನಿಮ್ಮದು ಒಳಗೆ ಬಿಡದಿರುವುದಕ್ಕೆ. ಸೊಳ್ಳೆಗೆ ಕಟ್ಟುವುದನ್ನು ಸೊಳ್ಳೆಪರದೆ ಅಂತೀವಿ, ಸೊಳ್ಳೆಬಲೆ ಅನ್ನೋಲ್ಲ ಅಲ್ವಾ? ಹಾಗೇ ಹಕ್ಕಿಪರದೆ.

ಮರು:
‘ಪರದೆ’ ಪಾರಸಿ. ನಮ್ಮದೇ ‘ತೆರೆ’ ಮನೆಯಲ್ಲಿರುವಾಗ ಕಡ ಯಾಕೆ? ಹಕ್ಕಿತೆರೆ. ಚರ್ಚೆ ಮುಗಿಯಿತು.

ಮರು:
ಮುಗಿಯಲಿಲ್ಲ. ಬಾಗಿಲ ಮೇಲೆ ‘ತೆರೆ’ ಅಂತ ಬರೆದರೆ ಹಮಾಲಿ ತೆರೆದೇ ಬಿಡುತ್ತಾನೆ. ಈಗಿನ ತೊಂದರೆಯೇ ಅದು.
ಇನ್ನು ಪಾರಸಿ ಬೇಡ ಅನ್ನುವವರು ‘ಹಕ್ಕಿ’ಯನ್ನೂ ಬಿಡಬೇಕು. ಅದೂ ಸಂಸ್ಕೃತದ ಕಡ: ಪಕ್ಷಿ, ಪಕ್ಕಿ, ಹಕ್ಕಿ. ಪಾರಿವಾಳವೂ ‘ಪಾರಾವತ’ದ ತದ್ಭವ. ನಿಮ್ಮ ಬೋರ್ಡಿನಲ್ಲಿ ಉಳಿಯುವುದು ಮೊಳೆ ಮಾತ್ರ.

ಮರು:
ಪಕ್ಕಿ ಅಚ್ಚಗನ್ನಡ. ಪಾಲು ಹಾಲಾಯಿತು, ಪಕ್ಕಿ ಹಕ್ಕಿಯಾಯಿತು. ಇಷ್ಟೂ ಗೊತ್ತಿಲ್ಲದವರ ಜೊತೆ ಏನು ಮಾತು.

ಮರು:
ಪ ಹೋಗಿ ಹ ಬಂದ ಮಾತ್ರಕ್ಕೆ ಅಚ್ಚಗನ್ನಡ ಆಗುವುದಿಲ್ಲ ಸ್ವಾಮಿ. ತದ್ಭವಕ್ಕೂ ಅದೇ ಗತಿ. ಪರ್ವದಿಂದ ಬಂದ ಹಬ್ಬವನ್ನೇ ನೋಡಿ.

ಮರು:
ನಾನು ಈ ನೆಟ್ ಕಟ್ಟಿಸುವ ಕೆಲಸದಲ್ಲೇ ಇರುವವನು. ನಮ್ಮ ಹುಡುಗರು ಅನ್ನುವುದು ‘ಪಿಜನ್ ನೆಟ್’. ನಿಮ್ಮ ಪದಕ್ಕಿಂತ ನೆಟ್‌ನ ಕಣ್ಣಿನ, ಅಂದರೆ ತೂತಿನ, ಅಳತೆ ಮುಖ್ಯ. ಪಾರಿವಾಳ ತಡೆಯಲು 50 ಮಿ.ಮೀ. ಕಣ್ಣು ಸಾಕು. ಗುಬ್ಬಚ್ಚಿಗೆ 19 ಬೇಕು, ಇಲ್ಲದಿದ್ದರೆ ಆರಾಮಾಗಿ ತೂರುತ್ತದೆ. ಬರೀ ‘ಹಕ್ಕಿಪರದೆ’ ಅಂದರೆ ಅಂಗಡಿಯವನು ಅಗ್ಗದ್ದನ್ನು ಕೊಟ್ಟು ಕಳಿಸುತ್ತಾನೆ. ಪಾರಿವಾಳದ ಸ್ಪೈಕಿಗೂ ಗುಬ್ಬಚ್ಚಿ ಹೆದರುವುದಿಲ್ಲ, ಅದರ ಸಂದಿಯಲ್ಲೇ ಹುಲ್ಲು ತಂದು ಒಟ್ಟುತ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಕಾಗೆಯೊಂದು ಆ ಮುಳ್ಳುಗಳನ್ನೇ ಸೇರಿಸಿ ಗೂಡು ಕಟ್ಟಿತ್ತು. 2023ರಲ್ಲಿ ಸುದ್ದಿಯಾಗಿತ್ತು.

ಮರು (ಕೇಳಿದವನು):
ಕಣ್ಣಿನ ಅಳತೆ ಹೇಳಿದ್ದಕ್ಕೆ ನಮಸ್ಕಾರ, ಮ್ಯಾನೇಜರಿಗೆ ದಾಟಿಸಿದ್ದೇನೆ. ಸಾಮಾನಿನ ಪಟ್ಟಿಯಲ್ಲಿ ‘ಪಾರಿವಾಳದ ಪರದೆ’, ‘ಗುಬ್ಬಚ್ಚಿ ಪರದೆ’ ಬೇರೆ ಬೇರೆ. ಬಾಗಿಲಿಗೆ ಹೀಗೆ:

ಲಾರಿ ಹೋದ ಮೇಲೆ ಪರದೆ ಇಳಿಸಿ. ಇಲ್ಲದಿದ್ದರೆ ಹಕ್ಕಿ ಒಳಗೆ ಬರುತ್ತವೆ.

ಸ್ಪೈಕಿಗೆ ಯಾರೂ ಪದ ಕೊಡಲಿಲ್ಲ. ‘ಮುಳ್ಳುಪಟ್ಟಿ’ ಅಂತ ಹಾಕಿ ಕಳಿಸಿಬಿಟ್ಟೆ.

ಮರು:
‘ಪಟ್ಟಿ’ ಸಂಸ್ಕೃತ. ಸುಮ್ನೆ ಹೇಳಿದೆ.