ಕೊಡಚಾದ್ರಿ ಕಾಡಲ್ಲಿ ಮಳೆಗೆ ಸಿಕ್ಕಿ ರಾತ್ರಿ ಕಳೆಯಬೇಕಾಗಿ ಬಂದರೆ ಕೈಗೆ ಸಿಕ್ಕಿದ್ದರಲ್ಲೇ ಏನು ಮಾಡಬಹುದು?

ಚಾರಣಿಗ_ಬಸವನಗುಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ನಾವು ಕೆಲವರು ಹಿಡ್ಲುಮನೆ ಜಲಪಾತದ ದಾರಿಯಿಂದ ಕೊಡಚಾದ್ರಿ ಹತ್ತುವವರಿದ್ದೇವೆ. ಅನುಮತಿ ಪಡೆದೇ ಹೋಗುತ್ತೇವೆ, ಊರಿನ ಗೈಡ್ ಕೂಡ ಇರುತ್ತಾರೆ. ಆದರೂ ಮಂಜು ಕವಿದು ಯಾರಾದರೂ ಗುಂಪಿನಿಂದ ತಪ್ಪಿಸಿಕೊಂಡು ಅಲ್ಲೇ ಕತ್ತಲಾದರೆ ಏನು ಗತಿ ಅಂತ ಯೋಚನೆ. ವಿಡಿಯೊಗಳಲ್ಲಿ ಕಡ್ಡಿ ಉಜ್ಜಿ ಬೆಂಕಿ ಮಾಡುತ್ತಾರೆ, ಎಲೆ ಗುಡಿಸಲು ಕಟ್ಟುತ್ತಾರೆ, ಬಳ್ಳಿಯಲ್ಲಿ ಉರುಲು ಒಡ್ಡುತ್ತಾರೆ. ನಮ್ಮ ಘಟ್ಟದ ಮಳೆಯಲ್ಲಿ ಇದರಲ್ಲಿ ಯಾವುದು ನಡೆಯುತ್ತೆ? ದುಬಾರಿ ಸಾಮಾನು ಬೇಡ. ಮನೆಯಲ್ಲಿರುವುದು, ಕಾಡಲ್ಲಿ ಸಿಗುವುದು, ಇಷ್ಟರಲ್ಲೇ ಹೇಳಿ.

ಹಸಿರುದಾರಿ

ಸಿಂಪಲ್ ಸರ್. ದಾರಿ ತಪ್ಪಿದರೆ ಹತ್ತಿರದ ಹಳ್ಳ ಹುಡುಕಿ, ಅದರ ಜೊತೆಗೇ ಕೆಳಗೆ ಇಳಿಯಿರಿ. ನೀರು ಇದ್ದ ಕಡೆ ಊರು ಇರುತ್ತೆ. ಕಡ್ಡಿ ಉಜ್ಜಿ ಬೆಂಕಿ ಮಾಡೋದನ್ನ ಮನೆಯಲ್ಲೇ ಅಭ್ಯಾಸ ಮಾಡಿ, ಕೈ ಕುದುರಿದರೆ ಎಲ್ಲಿ ಬೇಕಾದರೂ ಬರುತ್ತೆ.

ತೋಟದಮನೆ_ಹೊಸನಗರ

ಹಸಿರುದಾರಿಯವರೇ, ಬೇಜಾರು ಮಾಡ್ಕೋಬೇಡಿ. ಆದರೆ ಹಳ್ಳ ಹಿಡಿದು ಇಳಿಯೋ ಮಾತನ್ನ ಇಲ್ಲಿ ಯಾರೂ ನಂಬಬಾರದು. ಬಯಲುಸೀಮೆಯಲ್ಲಿ ಅದು ಸರಿ ಇರಬಹುದು. ಘಟ್ಟದ ಪಡುವಣ ಅಂಚಲ್ಲಿ ಹಳ್ಳ ಅಂದರೆ ಮುಂದೆಲ್ಲೋ ಒಂದು ಅಬ್ಬಿ ಅಂತಲೇ ಲೆಕ್ಕ. ಶರಾವತಿ ಜೋಗದಲ್ಲಿ 253 ಮೀಟರ್ ಬೀಳ್ತಾಳೆ, ಸೀತಾನದಿ ಆಗುಂಬೆ ಹತ್ತಿರ ಬರ್ಕಣದಲ್ಲಿ ಬೀಳುತ್ತೆ. ಹೆಸರೇ ಇಲ್ಲದ ಸಣ್ಣ ಹಳ್ಳಗಳದ್ದೂ ಅದೇ ಕಥೆ. ಮೊದಲು ಮೊಣಕಾಲೆತ್ತರದ ಬಂಡೆ, ಆಮೇಲೆ ಆಳೆತ್ತರದ್ದು. ಪಾಚಿ ಬಂಡೆ ಜಾರಿ ಇಳಿದುಬಿಡಬಹುದು, ವಾಪಸ್ ಹತ್ತೋಕೆ ಆಗಲ್ಲ, ಮುಂದೆ ನೋಡಿದರೆ ಪ್ರಪಾತ. ಮೇಲೆಲ್ಲೋ ಮಳೆ ಹೊಯ್ದರೆ ಇಲ್ಲಿ ನೀರು ಏರಿಬಿಡುತ್ತೆ. ಎಲ್ಲಕ್ಕಿಂತ ಹೆಚ್ಚು, ನೀರಿನ ಸದ್ದಲ್ಲಿ ನಿಮ್ಮನ್ನ ಹುಡುಕೋರ ಕೂಗು ನಿಮಗೆ ಕೇಳಲ್ಲ, ನಿಮ್ಮದು ಅವರಿಗೆ ಕೇಳಲ್ಲ.

ಬಸವನಗುಡಿಯವರೇ, ದಾರಿ ತಪ್ಪಿತು ಅಂತ ಅನುಮಾನ ಬಂದ ಜಾಗದಲ್ಲೇ ನಿಂತುಬಿಡಿ. ಸೀಟಿ ಕೊರಳಲ್ಲಿರಲಿ. ಮೂರು ಸಲ ಊದಿ, ಸುಮ್ಮನಿದ್ದು ಕಿವಿಗೊಡಿ, ಮತ್ತೆ ಮೂರು ಸಲ. ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತೆ, ಸೀಟಿಗೆ ಆ ಕಷ್ಟ ಇಲ್ಲ. ಫೋನಲ್ಲಿ ನಿಮ್ಮ ಸಿಮ್ಮಿನ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕರೂ ಆ ಕರೆ ಹೋಗುತ್ತೆ.

ಇನ್ನು ಬೆಂಕಿ, ಗುಡಿಸಲು ಅಂತ ಕೇಳಿದ್ರಿ. ನಮ್ಮ ಮಳೆಗಾಲದಲ್ಲಿ ಜನರನ್ನ ಮಲಗಿಸೋದು ಹಸಿವೂ ಅಲ್ಲ, ಹುಲಿಯೂ ಅಲ್ಲ ಮಾರಾಯ್ರೆ, ಒದ್ದೆ ಮತ್ತೆ ಗಾಳಿ. ಕೊಡಚಾದ್ರಿ 1343 ಮೀಟರ್ ಎತ್ತರ ಅಷ್ಟೇ, ಹಿಮ ಬೀಳಲ್ಲ. ಆದರೂ ಒದ್ದೆ ಬಟ್ಟೆಯಲ್ಲಿ ಆ ಗಾಳಿಗೆ ಕೂತವರ ಮೈಯ ಕಾವೆಲ್ಲ ಇಳಿದುಹೋಗುತ್ತೆ. ನಮ್ಮೂರಿನ ಮೇಲಿನ ಗುಡ್ಡದಲ್ಲಿ ಒಮ್ಮೆ ಕಾಲೇಜು ಹುಡುಗರು ಮಂಜಲ್ಲಿ ದಾರಿ ತಪ್ಪಿದ್ದರು. ಬೆಳಗಿನ ಜಾವ ಊರವರು ಹೋಗಿ ನೋಡಿದರೆ, ಜೀನ್ಸ್ ಪ್ಯಾಂಟ್ ಹಾಕಿದ್ದ ಹುಡುಗನಿಗೆ ಮಾತು ತೊದಲುತ್ತಾ ಇತ್ತು, ತನ್ನ ಅಂಗಿಯ ಗುಂಡಿ ಬಿಚ್ಚೋಕೂ ಬೆರಳು ಬಗ್ಗುತ್ತಿರಲಿಲ್ಲ. ಅವನ ಪಕ್ಕದಲ್ಲೇ ಕೂತಿದ್ದ ಇನ್ನೊಬ್ಬ ಬ್ಯಾಗಿನೊಳಗಿದ್ದ ದೊಡ್ಡ ಪ್ಲಾಸ್ಟಿಕ್ ಚೀಲ ಹರಿದು ತಲೆ ಮೇಲಿಂದ ಇಳಿಬಿಟ್ಟುಕೊಂಡಿದ್ದ, ಅವನು ನಡೆದೇ ಇಳಿದ. ಇಬ್ಬರಿಗೂ ಅದೇ ರಾತ್ರಿ, ಅದೇ ಮಳೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಕೊಪ್ಪೆ ಹಾಕೋದು ಕಲೀರಿ. ನಮ್ಮ ಹಿರಿಯರು ನಾಟಿ ಮಾಡಿದ್ದೇ ಕಂಬಳಿ ಕೊಪ್ಪೆ, ಎಲೆಯಲ್ಲಿ ಹೆಣೆದ ಗೊರಬು ಹಾಕ್ಕೊಂಡು. ನಿಮಗೆ ಹಿಂಡಿ ಚೀಲ ಸಾಕು, ಒಳಗೆ ಪ್ಲಾಸ್ಟಿಕ್ ಇರೋ ದೊಡ್ಡ ಚೀಲ, ತೊಳೆದು ಒಣಗಿಸಿದ್ದು. ಚೀಲದ ಬಾಯಿ ಕೆಳಗೆ ಬರೋ ಹಾಗೆ ಹಿಡೀರಿ. ಮೇಲೆ ಹೊಲಿಗೆ ಇರೋ ಕಡೆ ಎರಡು ಮೂಲೆ ಇರುತ್ತಲ್ಲ, ಒಂದು ಮೂಲೆಯನ್ನ ಮುಷ್ಟಿಯಿಂದ ಒಳಕ್ಕೆ ತಳ್ಳಿ, ಇನ್ನೊಂದು ಮೂಲೆಯೊಳಗೆ ಹೋಗಿ ಕೂರುವವರೆಗೂ ತಳ್ಳಿ. ಈಗ ಚೂಪು ತುದಿಯ ಟೊಪ್ಪಿ ಆಯ್ತು, ಬೆನ್ನಿನುದ್ದಕ್ಕೂ ಇಳಿಯೋ ಬಾಲದ ಸಮೇತ. ತಲೆಗೆ ಸಿಕ್ಕಿಸಿದರೆ ತಲೆ, ಹೆಗಲು, ಬೆನ್ನು ಮೂರೂ ಒಣಗಿರುತ್ತೆ, ಕೈಗೆ ಕೆಲಸ ಮಾಡೋಕೆ ಬಿಡುವು. ಮಡಚಿದರೆ ಬ್ಯಾಗಿನ ತಳದಲ್ಲಿ ಕೂರುತ್ತೆ. ಜೊತೆಗೆ ಒಂದು ಉಣ್ಣೆ ಸ್ವೆಟರನ್ನ ಪ್ಲಾಸ್ಟಿಕ್ಕಲ್ಲಿ ಕಟ್ಟಿ ಇಡಿ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಚಳಿ ಹೆಚ್ಚು ಮಾಡುತ್ತೆ, ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತೆ. ನಮ್ಮ ಕಂಬಳಿಯ ಗುಟ್ಟೂ ಅದೇ.

ಎಲೆ ಗುಡಿಸಲಿನ ಆಸೆ ಬಿಡಿ, ಆಷಾಢದ ಮಳೆಯನ್ನ ತಡೆಯೋ ಹಾಗೆ ಹೊದಿಸೋದು ಒಂದು ಸಂಜೆಯ ಕೆಲಸವಲ್ಲ. ಒಂದು ತುಂಡು ಟಾರ್ಪಾಲು ಇರಲಿ. ಅದಕ್ಕೆ ತೂತು ಹೊಡೀಬೇಡಿ, ಗಾಳಿಗೆ ಅಲ್ಲಿಂದಲೇ ಹರಿಯುತ್ತೆ. ಮೂಲೆಯೊಳಗೆ ನೆಲ್ಲಿಕಾಯಿ ಗಾತ್ರದ ದುಂಡು ಕಲ್ಲಿಟ್ಟು, ಹೊರಗಿಂದ ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದರೆ ಎಷ್ಟು ಜಗ್ಗಿದರೂ ಬಿಡಲ್ಲ. ಹಗ್ಗ ಇಲ್ಲದಿದ್ದರೆ ಬೂಟಿನ ಲೇಸು, ಹಳೇ ಪಂಚೆ ಸೀಳಿ ಹೊಸೆದ ಹುರಿ. ಯಡಮುರಿ ಗಿಡ ಗುರುತಿದ್ದರೆ ಅದರ ತೊಗಟೆ ನಾರೂ ಗಟ್ಟಿ. ಮಳೆಗಾಳಿ ಪಡುವಣದಿಂದ ಬರುತ್ತೆ, ಆ ಕಡೆಗೆ ಟಾರ್ಪಾಲಿನ ಬೆನ್ನು ಮಾಡಿ, ತಗ್ಗಾಗಿ ಕಟ್ಟಿ. ಕಟ್ಟೋ ಮುಂಚೆ ತಲೆ ಎತ್ತಿ ನೋಡಿ, ಮೇಲೆ ಒಣ ಗೆಲ್ಲು ನೇತಾಡ್ತಾ ಇದ್ದರೆ ಬೇರೆ ಜಾಗ. ಬರೀ ನೆಲದ ಮೇಲೆ ಕೂರಬೇಡಿ. ಸೊಪ್ಪು ಹಾಸಿ, ಬ್ಯಾಗ್ ಹಾಕಿ, ಅದರ ಮೇಲೆ ಎಲ್ಲರೂ ಒತ್ತಿಕೊಂಡು ಕೂರಿ.

ಬೆಂಕಿಯ ಮಾತಿಗೆ ಬಂದರೆ, ಕಡ್ಡಿ ಉಜ್ಜಿದಾಗ ಕಿಡಿ ಬರೋದು ಗರಿಗರಿ ಒಣಗಿದ ಮರದಲ್ಲಿ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳೋ ಆಗುಂಬೆ ಸುತ್ತಮುತ್ತ ಅಂಥ ಕಡ್ಡಿ ಎಲ್ಲಿಂದ ತರ್ತೀರಿ? ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಬೆಂಕಿ ಹಿಡಿಸೋಕೆ ದೇವರ ಮನೆಯ ಕರ್ಪೂರ, ಹಳೇ ಸೈಕಲ್ ಟ್ಯೂಬಿನ ಬೆರಳಗಲದ ತುಂಡು ಇಟ್ಟುಕೊಳ್ಳಿ. ಮುಚ್ಚಳ ಸಡಿಲ ಇದ್ದರೆ ಕರ್ಪೂರ ಆವಿಯಾಗಿ ಹೋಗುತ್ತೆ. ಕಟ್ಟಿಗೆಯನ್ನ ನೆಲದಿಂದ ಎತ್ತಬೇಡಿ. ಮರದಲ್ಲೇ ಸಿಕ್ಕಿಹಾಕಿಕೊಂಡಿರೋ ಸತ್ತ ಗೆಲ್ಲು ಮುರಿದಾಗ ಲಟ್ ಅಂದರೆ ಒಳಗೆ ಒಣ ತಿರುಳಿದೆ ಅಂತ. ಚಾಕುವಿನಿಂದ ಸೀಳಿ ಆ ತಿರುಳನ್ನ ತೆಳ್ಳಗೆ ಕೆತ್ತಿ. ರಾಳಧೂಪದ ಮರದ ಬುಡದಲ್ಲಿ ಒಣಗಿ ಅಂಟಿದ ರಾಳ ಸಿಕ್ಕರಂತೂ ಒದ್ದೆಯಲ್ಲೂ ಉರಿಯುತ್ತೆ, ಆದರೆ ಅದಕ್ಕೋಸ್ಕರ ಮರಕ್ಕೆ ಕಚ್ಚು ಹಾಕಬೇಡಿ. ಕಾಂಡದ ಮೇಲೆ ಕಪ್ಪಗೆ ಸೊನೆ ಸೋರಿದ ಗುರುತು ಕಂಡರೆ ಮುಟ್ಟಲೇಬೇಡಿ, ಚೇರೆ ಮರ ಇರಬಹುದು, ಮೈಯೆಲ್ಲ ಬೊಕ್ಕೆ ಏಳುತ್ತೆ. ಇನ್ನೊಂದು ಮುಖ್ಯ ವಿಷಯ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಒಳಗಿದೆ. ವನ್ಯಜೀವಿಧಾಮಕ್ಕೆ ಅಪಾಯ ಆಗೋ ಹಾಗೆ ಬೆಂಕಿ ಹಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಜೀವಕ್ಕೆ ಬಂದಾಗ ಮಾತ್ರ, ಅದೂ ಅಂಗೈಯಗಲದ ಬೆಂಕಿ.

ತಿನ್ನೋದರ ಚಿಂತೆ ಬಿಡಿ, ಒಂದೆರಡು ದಿನ ಉಪವಾಸ ಇದ್ದರೆ ಯಾರೂ ಸಾಯಲ್ಲ. ಅಣಬೆ ಬೇಡ. ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಹಸಿಯಾಗಿ ತಿಂದರೆ ವಿಷ, ಮನೆಯಲ್ಲಿ ದಿನಗಟ್ಟಲೆ ನೀರು ಬದಲಿಸಿ ನೆನೆಹಾಕೋದು ಸುಮ್ಮನೆ ಅಲ್ಲ. ಜೇಬಲ್ಲಿ ಬೆಲ್ಲದ ಅಚ್ಚು ಇರಲಿ. ಕುಡಿಯೋಕೆ ಟಾರ್ಪಾಲಿನ ಮೇಲಿಂದ ಇಳಿಯೋ ಮಳೆನೀರು ಹಿಡೀರಿ, ಹಳ್ಳದ ನೀರಿಗಿಂತ ಅದು ಎಷ್ಟೋ ವಾಸಿ.

ಉಂಬಳಕ್ಕೆ (ಕಾಡಿನ ಜಿಗಣೆ) ಹೊಗೆಸೊಪ್ಪು ನೆನೆಸಿದ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿ ಹಾಕಿ. ಹರಳುಪ್ಪನ್ನ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದುಕೊಳ್ಳಿ, ಮುಟ್ಟಿಸಿದರೆ ಉದುರುತ್ತೆ.

ಸಿಸ್ಟರ್_ತೀರ್ಥಹಳ್ಳಿ

ತೋಟದಮನೆ ಅಣ್ಣ ಹೇಳಿದ್ದೆಲ್ಲ ಸರಿ. ಉಪ್ಪಿನ ಗಂಟಿನ ಬಗ್ಗೆ ಒಂದು ಮಾತು ಸೇರಿಸ್ತೀನಿ. ಬೂಟು, ಪ್ಯಾಂಟಿನ ಮೇಲೆ ಹತ್ತುತ್ತಿರೋ ಉಂಬಳಕ್ಕೆ ಉಪ್ಪು ಒಳ್ಳೇದು. ಚರ್ಮಕ್ಕೆ ಕಚ್ಚಿ ಕೂತಿದ್ದರೆ ಉಪ್ಪು, ಬೆಂಕಿಕಡ್ಡಿ ಬೇಡ, ಅದು ಕುಡಿದದ್ದನ್ನ ಗಾಯಕ್ಕೇ ಕಕ್ಕಬಹುದು. ಬಾಯಿ ಇರೋ ಕಡೆ ಉಗುರು ಮಲಗಿಸಿ ಪಕ್ಕಕ್ಕೆ ಜಾರಿಸಿ, ಬಿಡುತ್ತೆ. ಆಮೇಲೂ ರಕ್ತ ಸೋರುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಸ್ತು ಅದರ ಜೊಲ್ಲಲ್ಲಿದೆ. ಒತ್ತಿ ಹಿಡೀರಿ, ಗಾಬರಿ ಬೇಡ.

ಕಾಲು ಮುರಿದರೆ ಅಡಿಕೆ ಹಾಳೆಯಂಥ ದಬ್ಬೆ ಇನ್ನೊಂದಿಲ್ಲ. ತೋಟದ ಅಂಚಲ್ಲಿ ಬಿದ್ದಿರುತ್ತೆ. ಒದ್ದೆ ಹಾಳೆ ಕಾಲಿನ ಆಕಾರಕ್ಕೆ ಬಾಗುತ್ತೆ. ಒಳಗೆ ಬಟ್ಟೆ ಮಡಚಿಟ್ಟು, ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಅಲುಗದ ಹಾಗೆ ಟವಲಿನಿಂದ ಕಟ್ಟಿ. ಬೆರಳು ತಣ್ಣಗಾದರೆ, ನೀಲಿಯಾದರೆ ಕಟ್ಟು ಸಡಿಲಿಸಿ. ಹೊತ್ತು ತರೋಕೆ ಕಂಬಳಿ ಜೋಲಿ. ರಸ್ತೆ ಇಲ್ಲದ ಊರುಗಳಿಂದ ಈಗಲೂ ಬಸುರಿಯರನ್ನ ಹಾಗೇ ಹೊತ್ತು ತರ್ತಾರೆ, ಇದು ಬದಲಾಗಬೇಕು ಅನ್ನೋದು ಬೇರೆ ಮಾತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ನಡೆಸದೆ ಇದೇ ಜೋಲಿಯಲ್ಲಿ ಇಳಿಸಿ, ಔಷಧಿ ಇರೋದು ಆಸ್ಪತ್ರೆಯಲ್ಲಿ.

ಚಾರಣಿಗ_ಬಸವನಗುಡಿ

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ಮಳೆಯಲ್ಲಿ ಟೆರೇಸ್ ಮೇಲೆ ಕೊಪ್ಪೆ ಹಾಕಿ ನೋಡಿದೆ, ಬೆನ್ನು ನಿಜಕ್ಕೂ ಒಣಗಿತ್ತು. ಒಂದು ಅನುಮಾನ: ರಜೆ ಸಿಗದೆ ಪ್ರವಾಸ ಜನವರಿಗೆ ಹೋದರೆ ಇದೇ ತಯಾರಿ ಸಾಕಾ? ಆಗ ಒಣ ತರಗೆಲೆ ಹಾಸಿ ಮಲಗಬಹುದಲ್ಲ?

ತೋಟದಮನೆ_ಹೊಸನಗರ

ತರಗೆಲೆ ಹಾಸಿಗೆ ಆಗ ಮಾತ್ರ ಬೇಡವೇ ಬೇಡ. ಮಳೆ ನಿಂತು ಕಾಡು ಒಣಗಿದ ಮೇಲೆ ಬೇಸಿಗೆ ಮುಗಿಯೋವರೆಗೆ ಆ ತರಗೆಲೆಯಲ್ಲೇ ರಕ್ತ ಹೀರೋ ಉಣ್ಣೆ ಹುಳ ಇರೋದು, ಮಂಗನ ಕಾಯಿಲೆ ತರೋದು ಅದೇ. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಬಂಡೆ ಮೇಲೆ ಟಾರ್ಪಾಲು ಹಾಸಿ ಕೂರಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ಹೇಳಿ. ಆರೋಗ್ಯ ಇಲಾಖೆಯವರು ಊರಲ್ಲಿ ಉಣ್ಣೆ ಹುಳ ಹತ್ತದ ಹಾಗೆ ತಡೆಯೋ ಡೇಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೊಕ್ಕಿ.

ಸಿಸ್ಟರ್_ತೀರ್ಥಹಳ್ಳಿ

ವಾಪಸ್ ಬೆಂಗಳೂರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಶಿವಮೊಗ್ಗದ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅಲ್ಲಿಯವರು ಸಾಮಾನ್ಯವಾಗಿ ಆ ಪ್ರಶ್ನೆ ಕೇಳಲ್ಲ.